ದನಿಯಿಲ್ಲದ ಎರಡನೆಯ ರೀಲು

ಸೆಣಬಿನ ಗಿರಣಿ ಮುಚ್ಚಿ ಕಾಲು ಶತಮಾನ.
ಅದರ ನೆಲಮಾಳಿಗೆಯಲ್ಲಿ, ಒಣಗಿದ ಬಣ್ಣದ ಡಬ್ಬಗಳ ಹಿಂದೆ,
ಸಿಕ್ಕಿದವಂತೆ ಎರಡು ತಗಡಿನ ಕರಡಿಗೆ.
ಮುಚ್ಚಳದ ಮೇಲೆ ಸೀಮೆಸುಣ್ಣದ ಅಕ್ಷರ:
ರೀನಾ ಮತ್ತು ಹಾರ್ಬರ್ ಬಾಯ್ಸ್, ಡಂಡೀ, ಅರವತ್ತಾರು.

ಮೊದಲ ರೀಲಿಗೆ ದನಿಯಿತ್ತು.
ಎರಡನೆಯದರ ಟೇಪು ತೇವ ಕುಡಿದು
ಮಾರ್ಮಲೇಡಿನ ಹಾಗೆ ಸುರುಳಿಗೆ ಸುರುಳಿ ಅಂಟಿತ್ತು.
ಲಂಡನ್ನಿನ ಕಂಪನಿಯವರು ನನ್ನ ಹುಡುಕಿಕೊಂಡು ಬಂದರು:
ಉನಾ ಪೆಟ್ರಿ, ಹುಟ್ಟುಕಿವುಡಿ, ತುಟಿ ಓದುವುದು ಕಸುಬು,
ಕೋರ್ಟಿನಲ್ಲಿ, ಆಸ್ಪತ್ರೆಯಲ್ಲಿ, ಒಮ್ಮೆ ಒಂದು ಮದುವೆಯ ವಿಡಿಯೊದಲ್ಲಿ,
ಆ ಕತೆ ಈಗ ಬೇಡ.
‘ಕ್ರಿಸ್‌ಮಸ್ಸಿಗೆ ಡಿಸ್ಕು ಅಂಗಡಿಯಲ್ಲಿರಬೇಕು, ಮೇಡಂ.
ಆಕೆ ಏನು ಹಾಡಿದಳು, ಅಷ್ಟು ಹೇಳಿ ಸಾಕು.’

ನಾನೂ ಅಲ್ಲಿದ್ದೆ ಅಂತ ಹೇಳಲಿಲ್ಲ ಅವರಿಗೆ.
ನನಗೆ ಒಂಬತ್ತು. ಅಕ್ಕ ಜೆಸ್ಸಿ
ಅಪ್ಪನಿಗೆ ಸಿನಿಮಾ ಅಂತ ಸುಳ್ಳು ಹೇಳಿ ಕರೆದೊಯ್ದಿದ್ದಳು.
ಬಾಲ್ಕನಿಯ ಕಬ್ಬಿಣದ ಕಂಬಿಗೆ ಅಂಗೈ ಒತ್ತಿ ನಿಂತೆ.
ಡ್ರಮ್ಮು ಮೊಣಕೈವರೆಗೆ ಬಂತು, ಬೇಸು ಹಲ್ಲಿನವರೆಗೆ.
ಆಮೇಲೆ ಕಂಬಿ ಬೇರೆ ಥರ ನಡುಗಿತು:
ಸಾವಿರ ಹುಡುಗಿಯರು ಒಟ್ಟಿಗೆ ಕಿರುಚಿದರೆ
ಕಬ್ಬಿಣಕ್ಕೂ ಚಳಿಜ್ವರ.

ಮೂರು ದಿನ ಕೂತೆ ಪರದೆಯ ಮುಂದೆ.
ಮೊದಲೆರಡು ಹಾಡು ನೆಟ್ಟಗಿದ್ದವು:
ಚಂದ್ರ, ಪತ್ರ, ಬಂದರು, ಮತ್ತೆ ಚಂದ್ರ.
ಮೂರನೆಯದರಲ್ಲಿ ರೀನಾ ಮ್ಯಾಕೀ
ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು,
‘ಮೊಟ್ಟೆ’ ಅಂದಳು. ‘ಬ್ರೆಡ್ಡು. ಸೋಪು ಎರಡು.
ಕಂದು ಶೂ, ರಿಪೇರಿಯಿಂದ ತರೋದು.’
ಹಿಂದಕ್ಕೆ ಓಡಿಸಿ ನೋಡಿದೆ, ನಿಧಾನಿಸಿ ನೋಡಿದೆ.
ಅನುಮಾನವಿಲ್ಲ, ಸೋಪು ಎರಡು.

ಆ ಗದ್ದಲದಲ್ಲಿ ತನ್ನ ದನಿ ತನಗೇ ಕೇಳದೆ,
ಸಾಲು ಮರೆತು, ಹುಡುಗಿ
ಮಂಗಳವಾರದ ಚೀಟಿ ಹಾಡಿಬಿಟ್ಟಿದ್ದಳು.
ಯಾರಿಗೂ ತಿಳಿಯಲಿಲ್ಲ. ಮುಂದಿನ ಸಾಲಿನ ಒಬ್ಬಳು
ಸೋಪಿಗೇ ಮೂರ್ಛೆ ಹೋದಳು.

ಕಂಪನಿಯ ಪ್ರೆಂಟಿಸ್ ನನ್ನ ವರದಿ ಓದಿ
ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದ.
ಕೊನೆಗೆ ಸ್ಟುಡಿಯೋದ ಹಳೆ ರೆಕಾರ್ಡನ್ನೇ ತಂದು
ಆ ತುಟಿಗಳಿಗೆ ಅಂಟಿಸಿದರು.
ಪೆಟ್ಟಿಗೆಯ ಮೇಲೆ ದಪ್ಪಕ್ಷರ: ‘ಆ ರಾತ್ರಿ ಇದ್ದಂತೆಯೇ.’
ನನ್ನ ಹೆಸರು ಬೆನ್ನಿಗೆ, ಬಾರ್‌ಕೋಡಿನ ಪಕ್ಕ, ಇರುವೆ ಗಾತ್ರ.

ಒಂದು ಮಾತನ್ನು ಮಾತ್ರ ನಾನೇ ಖಾಲಿ ಬಿಟ್ಟಿದ್ದೆ.
ಎಲ್ಲ ಮುಗಿದು, ಬಾಗಿ ವಂದಿಸಿ, ಹೊರಡುವ ಮುಂಚೆ
ಡ್ರಮ್ಮಿನವನಿಗೆ ರೀನಾ ಏನೋ ಅನ್ನುತ್ತಾಳೆ, ಒಂದೇ ಪದ.
ಪ, ಬ, ಮ: ತುಟಿ ಕೂಡಿದರೆ ಮೂರಕ್ಕೂ ಒಂದೇ ಮುಖ,
ಹೆತ್ತವಳಿಗಷ್ಟೇ ಗುರುತು ಸಿಗುವ ಅವಳಿಜವಳಿ.
‘ಮಮ್’ ಅಂದಳೋ, ‘ಪಬ್’ ಅಂದಳೋ.
ಕೇಳೋಣವೆಂದರೆ ಅವಳು ಹೋಗಿ ಹನ್ನೊಂದು ವರ್ಷ.
ಡ್ರಮ್ಮಿನವನು ನಕ್ಕಿದ್ದಂತೂ ನಿಜ.

ನಿನ್ನೆ ಡಿಸ್ಕು ಹಿಡಿದು ಜೆಸ್ಸಿಯ ಮನೆಗೆ ಹೋದೆ.
ಎಪ್ಪತ್ತನಾಲ್ಕರ ಜೆಸ್ಸಿಗೆ ಈಗ ಎರಡೂ ಕಿವಿಗೆ ಯಂತ್ರ.
ಎರಡು ನಿಮಿಷ ನೋಡಿದಳು, ರಿಮೋಟು ಎತ್ತಿ ದನಿ ನಂದಿಸಿದಳು.
‘ಅವತ್ತೂ ಏನೂ ಕೇಳಿಸಿರಲಿಲ್ಲ ಬಿಡೇ.’

ಆಗ ಕ್ಯಾಮೆರಾ ಮೇಲೆ ಹೊರಳಿತು.
ಬಾಲ್ಕನಿ. ಜೆಸ್ಸಿ, ಹದಿನಾರು, ಬಾಯಿ ಪೂರಾ ತೆರೆದು.
ಅವಳ ಪಕ್ಕ, ಚೌಕಟ್ಟಿನ ಅಂಚಿನಲ್ಲಿ,
ಕಂಬಿಯ ಮೇಲೆ ಒಂದು ಪುಟ್ಟ ಅಂಗೈ;
ಉಳಿದ ನಾನು ಕತ್ತರಿಸಿ ಹೋಗಿದ್ದೆ.

‘ಏನು ಕೂಗ್ತಿದ್ದೆ ನಾನು? ಓದು, ನಿನ್ನ ಕಸುಬಲ್ವ?’
ಬೆರಳಲ್ಲಿ ಕೇಳಿದಳು ಅಕ್ಕ.
ನಿಲ್ಲಿಸಿ ನೋಡಿದೆ, ಹತ್ತಿರ ಹೋಗಿ ನೋಡಿದೆ.
ಬರೀ ಸ್ವರ. ಒಂದು ವ್ಯಂಜನವೂ ಇಲ್ಲ.
ಓದಲಿಕ್ಕೆ ಏನಿದೆ ಅದರಲ್ಲಿ?

‘ಸೋಪು’ ಅಂದೆ. ‘ಸೋಪು ಎರಡು.’