ಗಲಾಟೆ ಮಾಡಿದವರ ಪಟ್ಟಿ

ಐದನೇ ಕ್ಲಾಸಿನಲ್ಲಿ ನನ್ನನ್ನು ಪ್ರಿಫೆಕ್ಟ್ ಮಾಡಿದ್ದು
ಜಾಣೆ ಎಂದಲ್ಲ,
ಉದ್ದಕ್ಕಿದ್ದೆ, ಕಿಟಕಿಯ ಮೇಲಿನ ಅಗುಳಿ ನಿಲುಕುತ್ತಿತ್ತು.
ಕಡಲ ಗಾಳಿ ಎದ್ದರೆ ಕೇಟಾದ ನಮ್ಮ ಶಾಲೆಯಲ್ಲಿ
ಪುಸ್ತಕದ ಹಾಳೆಗೂ ಮರಳು, ಬಾಯಿಗೂ ಮರಳು;
ಯಾರಾದರೊಬ್ಬರು ಎದ್ದು ಮುಚ್ಚಬೇಕಿತ್ತು.

ಟಮಾಕ್ಲೋ ಮೇಷ್ಟ್ರು ಹಾಲಿನ ಡಬ್ಬಿಯ ತಗಡು ಕತ್ತರಿಸಿ
ಪಿನ್ನು ಬೆಸೆದು
ನನ್ನ ಕಂದು ಯೂನಿಫಾರ್ಮಿಗೆ ಚುಚ್ಚಿದರು.
ಬಿಲ್ಲೆಯ ಹಿಂಬದಿಯಲ್ಲಿ ಇನ್ನೂ ಅರ್ಧ ಹಸು ಇತ್ತು.
ರಾತ್ರಿ ಮಲಗುವಾಗಲೂ ಬಿಚ್ಚಲಿಲ್ಲ.
ಬೆಳಿಗ್ಗೆ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ,
"ತುಕ್ಕು ಹಿಡಿಯುತ್ತೆ, ಜೋಪಾನ.
ಈ ಊರಲ್ಲಿ ಉಪ್ಪು ಯಾರನ್ನೂ ಬಿಟ್ಟಿಲ್ಲ."

ಕೆಲಸ ಇಷ್ಟೇ.
ಮೇಷ್ಟ್ರು ತಮ್ಮ ಈರುಳ್ಳಿ ಮಡಿಗೆ ನೀರು ಹಾಕಲು ಹೋದಾಗ
ಬೋರ್ಡಿನ ಎಡಮೂಲೆಯಲ್ಲಿ
ಗಲಾಟೆ ಮಾಡಿದವರ ಹೆಸರು ಬರೆಯುವುದು.
ಮತ್ತೆ ಮಾತಾಡಿದರೆ ಪಕ್ಕಕ್ಕೊಂದು ಇಂಟು ಗುರುತು.
ಹೆಸರಿಗೆ ಎರಡೇಟು, ಇಂಟುವಿಗೆ ಇನ್ನೊಂದು.
ಮೊದಲ ವಾರ ನನಗೆ ಕರಿದ ಬಾಳೆಹಣ್ಣು ತಂದುಕೊಟ್ಟರು.
ತಿಂದೆ. ತಿಂದೂ ಬರೆದೆ.
ಚಿಕ್ಕಪ್ಪನ ಮಗ ಎಲೋರ್ಮ್‌ನನ್ನು
ಜೋರಾಗಿ ಸೀನಿದ್ದಕ್ಕೆ ಬರೆದೆ.
ಸೀಮೆಸುಣ್ಣ ಕೈಗೆ ಬಂದರೆ
ಕಿವಿ ತಾನಾಗಿ ಅಗಲವಾಗುತ್ತದೆ,
ಇಲ್ಲದ ಸದ್ದೂ ಬಂದು ಬೀಳುತ್ತದೆ.

ಎಜೋಜಿನಾಮ್ ಮೂರನೇ ಬೆಂಚಿನವಳು.
ಅವಳಪ್ಪನ ದೋಣಿ ಹೋಗಿ ಮೂರು ದಿನ, ಸುದ್ದಿಯಿಲ್ಲ.
ಊರಿಗೆ ಊರೇ ದಂಡೆಯಲ್ಲಿ ನಿಂತಿದ್ದರೆ
ಇವಳನ್ನು ಮಾತ್ರ ತಾಯಿ ಶಾಲೆಗೆ ಅಟ್ಟಿದ್ದಳು.
ಕಿಟಕಿಯತ್ತ ಮುಖ ಮಾಡಿ ಕೂತವಳ
ತುಟಿ ಅಲ್ಲಾಡುತ್ತಿತ್ತು.
ಸದ್ದಿರಲಿಲ್ಲ.
ಸದ್ದಿಲ್ಲವೆಂದು ನನಗೆ ಗೊತ್ತಿತ್ತು.
ಆದರೆ ನಲವತ್ತು ಜೊತೆ ಕಣ್ಣು
ನನ್ನ ಕೈಯನ್ನೇ ನೋಡುತ್ತಿದ್ದವು.

ಬರೆದೆ.

ಮರುದಿನ ದೋಣಿ ಬಂತು. ಎಂಜಿನ್ ಕೆಟ್ಟು
ಟೋಗೊ ಕಡೆಗೆ ತೇಲಿತ್ತಂತೆ.
ಮೀನೆಲ್ಲ ಕೊಳೆತು, ಅಪ್ಪ ನೆಟ್ಟಗೆ ಮನೆ ಸೇರಿದ.
ನಾನು ಮಾತ್ರ ಎಷ್ಟೋ ರಾತ್ರಿ
ದೇವರ ಜೊತೆ ಪಿಸುಗುಟ್ಟುತ್ತಿದ್ದ ಹುಡುಗಿಯನ್ನು ಹಿಡಿದುಕೊಟ್ಟವಳಾಗಿ
ಗೋಡೆಗೆ ಮುಖ ಹಾಕಿ ಮಲಗಿದೆ.
ಬಿಲ್ಲೆಯನ್ನು ಕಳೆದುಹೋಯಿತೆಂದು ಸುಳ್ಳು ಹೇಳಿ
ಲಗೂನಿನ ಕೆಸರಿಗೆ ಎಸೆದೆ.
ಮೇಷ್ಟ್ರು ಇನ್ನೊಂದು ಡಬ್ಬಿ ಕತ್ತರಿಸಿದರು.

ಮೂವತ್ತೊಂದು ವರ್ಷ.
ಆ ಬೋರ್ಡಿದ್ದ ಗೋಡೆಯನ್ನು ಕಡಲು ತಿಂದಾಗಿದೆ.
ಸಂತೆಯಲ್ಲಿ ಹೊಗೆಮೀನಿನ ತಟ್ಟೆಯ ಹಿಂದೆ ಅವಳು.
ಕೇಳಿಯೇಬಿಟ್ಟೆ.

"ಪ್ರಾರ್ಥನೆಯಾ?"
ನೊಣ ಓಡಿಸುವ ರಟ್ಟನ್ನು ಕೆಳಗಿಟ್ಟು ನಕ್ಕಳು.
"ಶೇಂಗಾ ಕಣೇ! ಬಾಯಿ ತುಂಬ ಶೇಂಗಾ.
ಅಪ್ಪ ಎಲ್ಲಿಗೆ ಹೋಗ್ತಾನೆ, ಊರ ತುಂಬ ಸಾಲ ಇಟ್ಟುಕೊಂಡವನು?"
ನಕ್ಕು ಮುಗಿಸಿ, ಸೊಂಟದ ಬಟ್ಟೆ ಬಿಗಿದುಕೊಂಡು,
"ಆದರೆ ನನ್ನ ಹೆಸರು ತಪ್ಪು ಬರೆದಿದ್ದೆ.
ಎಜೋನಾಮ್ ಅಂತ.
ನಡುವಿನ 'ಜಿ'ಯನ್ನೇ ನುಂಗಿದ್ದೆ."

ನಮ್ಮ ಎವೆ ಮಾತಿನಲ್ಲಿ ಜಿ ಎಂದರೆ ಎದೆ.

"ಏಟಿಗೆ ನಾನು ಅಳಲಿಲ್ಲ, ನೆನಪಿದೆಯಾ?
ಅದನ್ನು ನೋಡಿ ಅತ್ತೆ.
ಎದ್ದು ತಿದ್ದೋಣ ಅಂದರೆ
ಇನ್ನೊಂದು ಇಂಟು ಹಾಕ್ತಿದ್ದೆಯಲ್ಲ, ಮಹರಾಯ್ತಿ."

ನನಗೆ ನೆನಪಿರಲಿಲ್ಲ.
ಇಷ್ಟು ವರ್ಷ ಹೊತ್ತ ತಪ್ಪು ಒಂದು,
ಮಾಡಿದ್ದು ಇನ್ನೊಂದು.

ಮೀನಿಗೆ ಎರಡು ಸೆಡಿ ಕಮ್ಮಿ ಬಿತ್ತು.
ಇರಲಿ ಬಿಡು ಅನ್ನಲಿಲ್ಲ ಅವಳು.
ಸಾಲದ ಪುಸ್ತಕ ತೆರೆದು
ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಬರೆದಳು.
ತಲೆಕೆಳಗಾಗಿ ಓದಿದೆ.
ನನ್ನ ಹೆಸರಿಲ್ಲ:
ಪ್ರಿಫೆಕ್ಟ್, ಎರಡು.
ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದಾಳೆ.