ಬರಿಗೈ

ಸೆಗೆಡ್ ಊರಲ್ಲಿ, ತಿಸಾ ಹೊಳೆಗೆ ಬೆನ್ನು ಹಾಕಿದ ಕಟ್ಟಡದ
ನೆಲಮಾಳಿಗೆಯಲ್ಲಿ, ಬೆಳಗಿನ ಆರಕ್ಕೇ
ನೊಣಗಳಿಗೆ ಅಡುಗೆ.
ಜೋಳದ ಹಿಟ್ಟು, ಯೀಸ್ಟು, ಕಾಕಂಬಿ, ಅಗರ್.
ತಳ ಹಿಡಿಯದ ಹಾಗೆ ತಿರುವುತ್ತಾಳೆ ಯೊಲಾನ್,
ಮೂವತ್ತೊಂದು ವರ್ಷದಿಂದ
ಅದೇ ಸೌಟು.

ಮೂರನೆಯ ಮಹಡಿಯಲ್ಲಿ ನಾನು ನೊಣದ ಕಣ್ಣು ಎಣಿಸುತ್ತೇನೆ.
ಒಂದು ಕಣ್ಣೆಂದರೆ ಏಳುನೂರು ಚಿಲ್ಲರೆ ಕಣ್ಣು,
ಒಂದೊಂದಕ್ಕೂ ಬೆಳಕು ಹಿಡಿಯುವ ಎಂಟು ಕೋಶ.
ಏಳನೆಯದು ಎಲ್ಲರಿಗಿಂತ ತಡವಾಗಿ ಬರುತ್ತದೆ,
ಬಂದು ನಿಲ್ಲುತ್ತದೆ,
ಏನಾಗಬೇಕೆಂದು ಇನ್ನೂ ತಿಳಿಯದೆ.

ಪಕ್ಕದ ಎಂಟನೆಯದು ಕೂಗುವುದಿಲ್ಲ.
ಗೋಡೆಗೆ ಗೋಡೆ ತಾಗಿಸಿ ಒಂದೇ ಮಾತು.
ಮಾತು ಹೊಸ್ತಿಲ ತನಕ ಬಂತು.
ಒಳಗೆ ಯಾರಿಗೂ ಆ ಭಾಷೆ ಬರದು.

ಅಲ್ಲೊಂದು ಪ್ರೋಟೀನು.
ಕತ್ತರಿಸದು, ಬೆಸೆಯದು,
ಒಂದನ್ನು ಇನ್ನೊಂದು ಮಾಡದು,
ಕಿಣ್ವಗಳ ಪಂಕ್ತಿಯಲ್ಲಿ ಅದಕ್ಕೆ ಎಲೆಯಿಲ್ಲ.
ಇರುವುದು ಬರೀ ಕೈ. ಮೂರು.
ನಡುವಿನದು ಹೊಸ್ತಿಲಲ್ಲಿ ಆಗಷ್ಟೇ ಹೊತ್ತಿದ
ಫಾಸ್ಫೇಟಿನ ಕಿಡಿಯನ್ನು ಹಿಡಿಯುತ್ತದೆ.
ಅತ್ತಿತ್ತಲ ಎರಡು,
ಒಳಗೆ ಸುಮ್ಮನೆ ಅಲೆಯುತ್ತಿದ್ದವನ ತೋಳು ಹಿಡಿದು
ಎಳೆತಂದು ನಿಲ್ಲಿಸುತ್ತವೆ:
ಇಗೋ, ಇಲ್ಲಿ ನಿಂತುಕೋ.

ಅಷ್ಟೇ.
ಆಮೇಲಿನದೆಲ್ಲ ಬೇರೆಯವರ ಕೆಲಸ,
ಬೇರೆಯವರ ಹೆಸರು.
ಏಳನೆಯದು ನೇರಳೆಯಾಚೆಯ ಬೆಳಕನ್ನು ಕಾಣತೊಡಗುತ್ತದೆ.

ಆ ಚಳಿಗಾಲ ನಾನು ಸಾಕಿದ ತಳಿಯಲ್ಲಿ
ಹೊಸ್ತಿಲೇ ಸ್ವಲ್ಪ ಕುಂಟು.
ಅದರ ಮೇಲೆ, ಈ ಕೈಗಳ ಜೀನು ಎರಡಿರಬೇಕಾದಲ್ಲಿ
ಒಂದು ಮುರಿದದ್ದು.
ಅರ್ಧ ಸಾಕಾಗುತ್ತದೆ ಎಂದುಕೊಂಡಿದ್ದೆ.
ಕತ್ತಲಲ್ಲಿ ಕವಲೊಡೆದ ಕೊಳವೆ,
ಒಂದು ತುದಿಗೆ ಹಸಿರು, ಇನ್ನೊಂದಕ್ಕೆ
ನಮ್ಮ ಕಣ್ಣಿಗೆ ಕಾಣದ ಬೆಳಕು.
ನೊಣ ಎಂಬ ನೊಣವೆಲ್ಲ ಕಾಣದ ಕಡೆಗೇ ಓಡುತ್ತದೆ.
ನನ್ನವು ಹಸಿರಿಗೆ ಹೋದವು,
ಹಬ್ಬಕ್ಕೆ ಹೊರಟವರ ಹಾಗೆ, ಗುಂಪಾಗಿ.

ಸೀಳಿ ನೋಡಿದೆ. ಏಳನೆಯದು ಸತ್ತಿರಲಿಲ್ಲ.
ಮಸೂರ ಕಟ್ಟುವ ಕೋಶಗಳ ಜೊತೆ ಸೇರಿ
ತಾನೂ ಗಾಜಿನ ಕೆಲಸಕ್ಕೆ ನಿಂತಿತ್ತು,
ಬೇರೆ ಯಾರಿಗೋ ಬೆಳಕು ದಾಟಿಸುತ್ತ,
ನಿಶ್ಚಿಂತೆಯಿಂದ.
ಅದನ್ನು ನೋಡಿ ಯಾಕೋ
ಊಟ ಸೇರಲಿಲ್ಲ.

ಅದೇ ವಾರ ಕಾಕಂಬಿ ಉಕ್ಕಿ
ಯೊಲಾನ್ ಬಲಗೈ ಸುಟ್ಟುಕೊಂಡಳು.
ನಾಲ್ಕು ದಿನ ಅಡುಗೆ ನನ್ನದು.
ತಳ ಹಿಡಿಸಿದೆ, ಬೂಷ್ಟು ಹಿಡಿಸಿದೆ,
ಮರಿಹುಳುಗಳು ಶೀಷೆಯ ಗೋಡೆ ಹತ್ತಿ ಒಣಗಿದವು,
ಇಬ್ಬರು ಪ್ರೊಫೆಸರರು ಮಾತು ಬಿಟ್ಟು
ಮೆಟ್ಟಿಲಲ್ಲಿ ಬೇರೆ ಬೇರೆ ಹೊತ್ತಿಗೆ ಇಳಿಯತೊಡಗಿದರು.

ಐದನೆಯ ದಿನ, ಕೈಗೆ ಬ್ಯಾಂಡೇಜು, ಬಂದೇಬಿಟ್ಟಳು.
ನಾನು ದೊಡ್ಡ ಮಾತು ಹೊತ್ತು ಕೆಳಗಿಳಿದೆ.
ನೀವೇ ಆ ಪ್ರೋಟೀನು, ಅಂದೆ.
ಹೆಸರಿಲ್ಲ, ಕಿಣ್ವವಲ್ಲ,
ನೀವಿಲ್ಲದೆ ಒಂದು ಕಣ್ಣೂ ಕಣ್ಣಾಗುವುದಿಲ್ಲ.

ಪೂರ್ತಿ ಕೇಳಿದಳು. ಮೂಗಿನಲ್ಲೇ ನಕ್ಕಳು.
"ಹಿಟ್ಟು ಹಾಕ್ತೀನಿ, ಗಂಜಿ ಆಗುತ್ತೆ.
ಒಂದನ್ನು ಇನ್ನೊಂದು ಮಾಡೋದು ಅಂದ್ರೆ
ಇದಲ್ವೇನೋ ವೆಂಡೆಲ್?
ನಾನು ನಿನ್ನ ಕಿಣ್ವ. ಬೇರೆ ಯಾರನ್ನಾದ್ರೂ ಹುಡುಕ್ಕೋ.
ಮೊದಲು ಬಾಗಿಲು ಹಾಕು, ನೊಣ ಬರ್ತವೆ."

ಬಾಗಿಲು ಹಾಕಿದೆ.
ಎಡಗೈಯಲ್ಲಿ ತಿರುವತೊಡಗಿದಳು.
ಪಾತ್ರೆ ಒಲೆಯ ಮೇಲೆ ಜಾರುತ್ತಿತ್ತು.
ಎರಡೂ ಕಿವಿಗೆ ಬಟ್ಟೆ ಸುತ್ತಿ
ಹಿಡಿದುಕೊಂಡೆ,
ಗಂಜಿ ಗಟ್ಟಿಯಾಗುವ ತನಕ,
ಬರೀ ಹಿಡಿದುಕೊಂಡೆ.