ಮೈನಸ್ ಒಂದು

ಜುಲೈ ಮುಗಿಯಲು ಐದು ದಿನ. ಬೈತಖೋಲದ ಧಕ್ಕೆಯಲ್ಲಿ
ಬೋಟುಗಳು ಮೈಗೆ ಮೈ ಉಜ್ಜಿಕೊಂಡು ನಿಂತಿವೆ.
ನಿಷೇಧ ಮುಗಿದ ರಾತ್ರಿಯೇ ಎಲ್ಲಕ್ಕೂ ದೀಪ ಬೇಕು,
ಎಲ್ಲರಿಗೂ ನಾನೇ ಬೇಕು.
ಹಾಗಂತ ನಾನು.

'ಭೂದೇವಿ ಪ್ರಸನ್ನ'ದ ಚುಕ್ಕಾಣಿ ಗೂಡಿನ ದೀಪ ಮಂಕು.
ಹೊಸ ಬ್ಯಾಟರಿ, ಹದಿಮೂರು ವೋಲ್ಟು. ಅದರ ಪಕ್ಕಕ್ಕೆ
ನನ್ನ ಅಂಗಡಿಯ ಹಳೆಯದು, ಹತ್ತು ವೋಲ್ಟಿಗೆ ಇಳಿದದ್ದು,
ಪುಕ್ಕಟೆ ಕೊಟ್ಟು ಜೋಡಿಸಿದವನು ನಾನೇ.
ಇಬ್ಬರು ಹುಟ್ಟು ಹಾಕಿದರೆ ದೋಣಿ ಬೇಗ ಸಾಗದೆ?

ಸುಲಕ್ಷಾ ಮೀಟರು ಮುಟ್ಟಲಿಲ್ಲ.
ಐಸ್ ಫ್ಯಾಕ್ಟರಿಯ ಬಿಲ್ಲು ಮಗುಚಿ, ಅದರ ಬೆನ್ನಿಗೆ
ಎರಡು ಕಿಟಕಿ ಬರೆದಳು. ನಡುವೆ ಒಂದೇ ಸರಳು,
ಆ ಸರಳಿನಲ್ಲಿ ದೀಪ.
"ಗೊತ್ತಿಲ್ಲದ್ದಕ್ಕೆ ಮೊದಲು ಹೆಸರಿಡಬೇಕು, ಪುರ್ಸುಮಾಮಾ.
ಹೊಸದರದ್ದು ಆಯ್ ಒಂದು, ಹಳೇದರದ್ದು ಆಯ್ ಎರಡು,
ದೀಪದ್ದು ಆಯ್ ಮೂರು."
ಮೂವರು ಆಯಿಯರಿರುವ ಮನೆಯಲ್ಲಿ ಅಡುಗೆ ಯಾರದೇ, ಎಂದೆ.
ನಗಲಿಲ್ಲ. "ಬಾಣ ಹಾಕಿ" ಅಂದಳು.
ಯಾವ ಕಡೆಗೆ?
"ಯಾವ ಕಡೆಗಾದರೂ. ಸದ್ಯಕ್ಕೆ ಅದು ಊಹೆ."

ಊಹೆ ಏನು ಬಂತು. ಎರಡೂ ಬ್ಯಾಟರಿಯಿಂದ ಹೊರಕ್ಕೆ,
ದೀಪದ ಕಡೆಗೆ ಹಾಕಿದೆ.
ಬ್ಯಾಟರಿ ಎಂದ ಮೇಲೆ ಕೊಡುವುದಲ್ಲವೆ ಅದರ ಜಾತಿ?

ಆಮೇಲೆ ಅವಳ ಕಾನೂನು ಶುರು.
ಗಂಟಿಗೆ ಬಂದದ್ದೆಲ್ಲ ಗಂಟಿನಿಂದ ಹೊರಡಬೇಕು.
(ಹಾಗಾದರೆ ಗಂಟು ಮೀನು ಹರಾಜಿನ ದಲಾಲಿಯಲ್ಲ.)
ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ
ಏರಿದ್ದೂ ಇಳಿದದ್ದೂ ಸರಿಹೋಗಿ ಸೊನ್ನೆಯಾಗಬೇಕು.
ಸದಾಶಿವಗಡ ಹತ್ತಿ ಇಳಿದ ನನ್ನ ಮೊಣಕಾಲು ಹಾಗನ್ನುವುದಿಲ್ಲ, ಎಂದೆ.
"ಮೊಣಕಾಲು ಬೇರೆ ಲೆಕ್ಕ."

ಬ್ಯಾಟರಿಗಳ ಹೊಟ್ಟೆಯೊಳಗೆ ಒಂದೊಂದು ಓಮು, ದೀಪಕ್ಕೆ ಹನ್ನೊಂದು.
ಮೂರು ಸಾಲು, ಮೂರು ಗೊತ್ತಿಲ್ಲದವರು.
ಒಬ್ಬಳನ್ನು ಇನ್ನೊಬ್ಬಳ ಸಾಲಿಗೆ ದೂಡಿ, ಅವಳನ್ನು ಮತ್ತೊಬ್ಬಳ ಸಾಲಿಗೆ,
ಸಿಗಡಿ ಸುಲಿವ ಅದೇ ಬೆರಳುಗಳಲ್ಲಿ ಸುಲಿದಳು.
ಹೊಸದು: ಎರಡು ಆಂಪಿಯರ್.
ದೀಪ: ಒಂದು.
ಹಳೆಯದು: ಮೈನಸ್ ಒಂದು.

ತಪ್ಪಿತು, ಅಳಿಸು, ಎಂದು ರಬ್ಬರು ಹುಡುಕಿದೆ.
ಅವಳ ಕೈ ನನ್ನ ಕೈ ಮೇಲೆ ಬಂತು. ಗ್ರೀಸಿನ ಕೈ.
"ಲೆಕ್ಕ ತಪ್ಪಿಲ್ಲ ಮಾಮಾ, ಒಂದು ಅಂದರೆ ಒಂದೇ.
ಬಾಣ ಮಾತ್ರ ತಿರುವು ಮುರುವು.
ಅದು ಕೊಡುತ್ತಿಲ್ಲ.
ಹೊಸದು ಕೊಟ್ಟ ಎರಡರಲ್ಲಿ ಒಂದನ್ನು ತಿನ್ನುತ್ತಿದೆ."

ಭರತಿಯ ಹೊತ್ತಿಗೆ ಕಾಳಿ ಹಿಂದಕ್ಕೆ ಹರಿಯುತ್ತದೆ,
ಕಿನ್ನರದ ಬಾವಿಗಳ ತನಕ ಉಪ್ಪು ಏರುತ್ತದೆ.
ಹುಟ್ಟಿದಂದಿನಿಂದ ನೋಡಿದ್ದೇನೆ.
ಹೊಳೆ ತಪ್ಪಿತೆಂದು ಯಾರೂ ಅಂದದ್ದು ಕೇಳಿಲ್ಲ.

ಆದರೂ ಆ ಸಂಜೆ ಅಂಗಡಿಯ ಶಟರು ಎಳೆಯುವಾಗ
ನನ್ನದೇ ಒಂದು ಕಿಟಕಿ ಬರೆದುಕೊಂಡೆ.
ಆರು ವರ್ಷದ ಹಿಂದೆ ಕೆಲಸ ಕಲಿಯಲು ಬಂದವಳು.
ಕಲಿಸುವವನು ನಾನು, ಸಂಬಳ ಕೊಡುವವನು ನಾನು,
ಬಾಣಗಳೆಲ್ಲ ನನ್ನಿಂದ ಹೊರಕ್ಕೆ.
ಕಣ್ಣು ಮಸುಕಾದ ಮೇಲೆ ಸಣ್ಣ ತಂತಿಗೆ ಬೆಸುಗೆ ಹಾಕಿದ್ದು ಯಾರು?
ಗಿರಾಕಿಗಳು ಯಾರ ಹೆಸರು ಹಿಡಿದು ಕೂಗುತ್ತಾರೆ?
ಕೂಡಿಸಲಿಲ್ಲ, ಕಳೆಯಲಿಲ್ಲ.
ಉತ್ತರದ ಮುಂದೆ ಏನಿರುತ್ತದೆಂದು ಗೊತ್ತಿತ್ತು.

ಹಳೆಯದನ್ನು ಬೋಟಿನಿಂದ ಕಳಚಿ ತಂದಳು.
ಎಸೆಯಲಿಲ್ಲ. ಮೂಲೆಯಲ್ಲಿ ನಿಧಾನದ ಚಾರ್ಜಿಗೆ ಕೂರಿಸಿ
ಮುಚ್ಚಳ ಬಿಚ್ಚಿ ನೀರು ತುಂಬಿದಳು.
"ತಿನ್ನಲಿ ಬಿಡಿ, ಹಸಿದಿದೆ."
ರಾತ್ರಿಯೆಲ್ಲ ಸಣ್ಣ ಗುಳ್ಳೆಗಳ ಸದ್ದು.

ಆಗಸ್ಟ್ ಒಂದು. 'ಭೂದೇವಿ ಪ್ರಸನ್ನ' ದೇವಗಡ ದಾಟಿ ಹೋಯಿತು.
ಧಕ್ಕೆಯ ತುದಿಯಲ್ಲಿ ನಿಂತು ಬಿಲ್ಲಿನ ಮೂಲೆಯಲ್ಲಿ
ಒಬ್ಬನೇ ಲೆಕ್ಕ ಹಾಕಿದೆ: ಹದಿಮೂರನ್ನು ಹನ್ನೆರಡರಿಂದ ಭಾಗಿಸಿ.
ಈಗ ದೀಪಕ್ಕೆ ಒಂದು ಆಂಪಿಯರ್,
ಮೇಲೆ
ತುಸು.